ಕಸುಬಿನ ಅಪಾಯಕ್ಕೆ ಕಂತು ಕಟ್ಟುವವರು

(ಬಾನುಲಿ ಭಾಷಣ)

ಅಪಘಾತ ವಿಮೆಯ ಅರ್ಜಿಯಲ್ಲಿ ಹೆಸರು, ವಯಸ್ಸು, ವಿಳಾಸಗಳಾದ ಮೇಲೆ ಒಂದು ಪ್ರಶ್ನೆ ಬರುತ್ತದೆ: ‘ನಿಮ್ಮ ಉದ್ಯೋಗವೇನು?’ ಜೀವ ವಿಮೆಯವರು ಮುಖ್ಯವಾಗಿ ವಯಸ್ಸನ್ನೂ ಆರೋಗ್ಯವನ್ನೂ ವಿಚಾರಿಸುತ್ತಾರೆ. ಅಪಘಾತ ವಿಮೆಯವರಿಗೆ ವಯಸ್ಸಿಗಿಂತ ಕಸುಬು ದೊಡ್ಡದು. ಗುಮಾಸ್ತನಿಗೆ ಇಪ್ಪತ್ತೈದಾಗಿರಲಿ ನಲವತ್ತೈದಾಗಿರಲಿ, ಕಚೇರಿಯ ಕುರ್ಚಿಯಲ್ಲಿ ಅವನಿಗೆ ಬರಬಹುದಾದ ಆಪತ್ತು ಅಲ್ಪವೇ. ಅವನ ಪಕ್ಕದಲ್ಲಿ ಲಾರಿ ಓಡಿಸುವವನನ್ನೋ ಕಲ್ಲು ಎತ್ತುವವನನ್ನೋ ನಿಲ್ಲಿಸಿದರೆ ಲೆಕ್ಕವೇ ಬೇರೆಯಾಗುತ್ತದೆ. ಆ ಪ್ರಶ್ನೆಗೆ ನಾನೊಮ್ಮೆ ಮತ್ತೊಬ್ಬರ ಪರವಾಗಿ ಉತ್ತರ ಬರೆದುಕೊಟ್ಟೆ. ಆ ಉತ್ತರದ ಕಥೆಯನ್ನೂ, ಆ ಪ್ರಶ್ನೆಯ ಹಿಂದಿರುವ ಇತಿಹಾಸವನ್ನೂ ಇಂದು ಕೇಳುಗರ ಮುಂದೆ ಇಡಬಯಸುತ್ತೇನೆ.

ನಮ್ಮದು ಚಿತ್ತಾಪುರ ತಾಲೂಕಿನ ಗುಂಡಗುರ್ತಿ. ತೊಗರಿ, ಜೋಳ ಬೆಳೆಯುವ ಸೀಮೆ. ಈ ಸೀಮೆಯಲ್ಲಿ ಎರೆಮಣ್ಣಿನ ಕೆಳಗೆ ಸುಣ್ಣಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪಕ್ಕೆ ಶಿಲ್ಪ ಕಡೆದವರು ಬಳಸಿದ್ದು ಸುಣ್ಣಕಲ್ಲನ್ನೇ. ಇಂದಿನ ಪೇಟೆಗಳಲ್ಲಿ ಅದಕ್ಕೆ ಶಹಾಬಾದ್ ಕಲ್ಲು ಎಂಬ ಹೆಸರು. ನಮ್ಮ ಮಾತಿನಲ್ಲಿ ಪರಸಿ. ಮಳೆಗಾಲದಲ್ಲಿ ಹೊಲ, ಬೇಸಿಗೆಯಲ್ಲಿ ಖಣಿ ಎಂಬುದು ತುಂಡು ಜಮೀನಿನ ಅನೇಕ ಸಂಸಾರಗಳ ವರ್ಷದ ಕ್ರಮ. ಪದರದ ಸಂದಿಗೆ ಉಳಿ ಇಟ್ಟು, ಸುತ್ತಿಗೆಯಿಂದ ಬಡಿದು, ಹಾರೆ ಹಾಕಿ ಮೀಟಿ, ನಾಲ್ಕಾರು ಜನ ಕೈಗೂಡಿಸಿ ಹಾಸುಗಲ್ಲನ್ನು ಎಬ್ಬಿಸಬೇಕು. ಎಬ್ಬಿಸಿದ ಕಲ್ಲು ಜಾರಿದರೆ ಕೆಳಗಿರುವ ಕೈಯನ್ನಾಗಲಿ ಕಾಲನ್ನಾಗಲಿ ಅದು ಉಳಿಸುವುದಿಲ್ಲ.

1970ರ ದಶಕದ ಕೊನೆಯ ವರ್ಷಗಳು. ನಾನಾಗ ಕಲಬುರ್ಗಿಯಲ್ಲಿ ಕಾಲೇಜು ಓದುತ್ತಿದ್ದೆ. ಸಾಮಾನ್ಯ ವಿಮಾ ವ್ಯವಹಾರ 1973ರ ಜನವರಿ 1ರಿಂದ ರಾಷ್ಟ್ರೀಕರಣವಾಗಿ, ವಿಮೆಯೆಂಬ ಮಾತು ಹಳ್ಳಿಗಳಲ್ಲಿಯೂ ಕೇಳಿಬರತೊಡಗಿದ್ದ ಕಾಲ ಅದು. ನಮ್ಮ ಓಣಿಯಲ್ಲಿ ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಒಬ್ಬರಿದ್ದರು. ಎರಡೆಕರೆ ತೊಗರಿ ಹೊಲದ ಒಡೆಯರು. ವರ್ಷದಲ್ಲಿ ಏಳೆಂಟು ತಿಂಗಳು ಖಣಿಯಲ್ಲಿ ದುಡಿಯುವವರು. ಜೊತೆಯವನೊಬ್ಬ ಕಲ್ಲಿನಡಿ ಸಿಕ್ಕಿ ಸತ್ತುದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ‘ಬೀಮಾ’ ಮಾಡಿಸುವ ಮನಸ್ಸಾಯಿತು. ಏಜೆಂಟನಿಂದ ಅರ್ಜಿ ತಂದು ನನ್ನ ಮುಂದಿಟ್ಟರು.

ನಮ್ಮ ದೇಶದ ಕಂಪನಿಗಳು ಬಹುಕಾಲ ಬಳಸಿದ ಪಟ್ಟಿಯಲ್ಲಿ ಕಸುಬುಗಳಿಗೆ ಮೂರು ಗುಂಪುಗಳು. ವೈದ್ಯರು, ವಕೀಲರು, ಶಿಕ್ಷಕರು, ಬ್ಯಾಂಕಿನವರು, ಆಡಳಿತದ ಕೆಲಸದವರು ಮೊದಲನೆಯ ಗುಂಪು. ಕಟ್ಟಡದ ಗುತ್ತಿಗೆದಾರರು, ವಾಹನ ಚಾಲಕರು, ಯಂತ್ರ ನಡೆಸುವವರು, ಒಟ್ಟಿನಲ್ಲಿ ಮೈಬಗ್ಗಿಸಿ ದುಡಿಯುವವರೆಲ್ಲ ಎರಡನೆಯದು. ನೆಲದೊಳಗಿನ ಗಣಿಯವರು, ಸ್ಫೋಟಕದ ಉಗ್ರಾಣದವರು, ಅಧಿಕ ಒತ್ತಡದ ವಿದ್ಯುತ್ ತಂತಿಯ ಕೆಲಸದವರು ಮೂರನೆಯದು. ಸರ್ಕಸ್ಸಿನವರೂ ಕುದುರೆ ಜೂಜಿನ ಸವಾರರೂ ಪರ್ವತಾರೋಹಿಗಳೂ ಇವರ ಸಂಗಡವೇ. ಮೊದಲನೆಯ ಗುಂಪಿನವನು ಕಟ್ಟುವ ಕಂತಿನ ಹೆಚ್ಚುಕಡಿಮೆ ಇಮ್ಮಡಿ ಮೂರನೆಯವನಿಗೆ. ಎರಡನೆಯವನದು ನಡುವಿನ ದರ. ಖಣಿಯಲ್ಲಿ ಕೈಕೆಲಸ ಮಾಡುವ ನಮ್ಮ ಕಾಕಾ ಎರಡನೆಯ ಗುಂಪಿಗೆ ಸೇರಬೇಕಾದವರು.

ಏಜೆಂಟನು ಬಿಟ್ಟುಹೋಗಿದ್ದ ಕಾಗದದಿಂದ ನಾನು ಇದನ್ನೆಲ್ಲ ತಿಳಿದುಕೊಂಡಿದ್ದೆ. ಓದಿದ ಹುಡುಗನ ಜಾಣತನ ನೋಡಿ! ಉದ್ಯೋಗದ ಕಾಲಮಿನಲ್ಲಿ ‘ಸ್ವಂತ ಜಮೀನಿನ ಮೇಲ್ವಿಚಾರಣೆ’ ಎಂದು ಬರೆದೆ. ಹಾಗೆ ಬರೆದರೆ ಅವರು ಮೊದಲನೆಯ ಗುಂಪಿಗೆ ಹೋಗುತ್ತಿದ್ದರು. ಬರೆದುದನ್ನು ಓದಿ ಹೇಳಿದಾಗ ಕಾಕಾ ನಕ್ಕರು. “ಇಷ್ಟು ದಿನ ನನಗ ಯಾರೂ ಜಮೀನ್ದಾರ ಅಂದಿದ್ದಿಲ್ಲ ನೋಡು ತಮ್ಮಾ, ನೀ ಅಂದಿ. ಸುಳ್ಳಂತೂ ಅಲ್ಲ, ಹೊಲ ಖರೇನೇ ಅದ” ಎಂದು ಹೆಬ್ಬೆಟ್ಟು ಒತ್ತಿದರು. ನಾನು ಅವರಿಗೆ ಉಳಿಸಿಕೊಟ್ಟದ್ದು ವರ್ಷಕ್ಕೆ ಕೆಲವೇ ರೂಪಾಯಿ.

ಅಪಾಯ ಹೆಚ್ಚಿದ ಕಸುಬಿನವನು ಹೆಚ್ಚು ತೆರಬೇಕೆಂಬ ಈ ನಿಯಮ ಆಂಗ್ಲರೊಡನೆ ನಮ್ಮಲ್ಲಿಗೆ ಬಂದಿತೆಂದು ನಾನು ಬಹುದಿನ ಭಾವಿಸಿದ್ದೆ. ಆ ಭಾವನೆ ತಪ್ಪೆಂದು ತೋರಿಸಿದವನು ನಮ್ಮ ನೆರೆಯವನೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಊರು ಶಹಾಬಾದಿನ ಸಮೀಪದ ಮರತೂರು ಎಂಬುದು ಶಾಸನಾಧಾರದಿಂದ ವಿದ್ವಾಂಸರು ಹೇಳುವ ಮಾತು. ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗದ ನ್ಯಾಯಾಲಯಗಳು ಆಧಾರವಾಗಿಟ್ಟುಕೊಂಡ ಗ್ರಂಥ ಅದು. ಅದರಲ್ಲಿ ಸಾಲದ ಪ್ರಕರಣವೊಂದಿದೆ. ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಒಂದೂಕಾಲು ಬಡ್ಡಿ. ದಟ್ಟಡವಿಯನ್ನು ಹಾದು ವ್ಯಾಪಾರಕ್ಕೆ ಹೋಗುವವನಿಗೆ ತಿಂಗಳಿಗೆ ನೂರಕ್ಕೆ ಹತ್ತು. ಕಡಲ ಮೇಲೆ ಹೋಗುವವನಿಗೆ ಇಪ್ಪತ್ತು. ಯಾಜ್ಞವಲ್ಕ್ಯ ಸ್ಮೃತಿಯ ಈ ವಿಧಿಗೆ ವಿಜ್ಞಾನೇಶ್ವರನು ಕೊಡುವ ಕಾರಣ ಸ್ಪಷ್ಟವಾಗಿದೆ. ಇವರು ಅಧಿಕ ಲಾಭದ ಆಸೆಯಿಂದ ಪ್ರಾಣಕ್ಕೂ ಧನಕ್ಕೂ ಕೇಡಿರುವ ಎಡೆಯನ್ನು ಹೊಗುವವರು. ಸಾಲ ಕೊಟ್ಟವನಿಗೆ ಬಡ್ಡಿಯಷ್ಟೇ ಅಲ್ಲ, ಮೂಲಧನವೇ ಮುಳುಗುವ ಶಂಕೆಯುಂಟು.

ಇದು ಬಡ್ಡಿಯ ಮಾತು, ವಿಮೆಯದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ. ಆದರೆ ಕಸುಬನ್ನು ನೋಡಿ ಅಪಾಯವನ್ನು ಅಳೆದು, ಆ ಅಳತೆಯಂತೆ ದರ ಕಟ್ಟುವ ಬುದ್ಧಿ ಎರಡರಲ್ಲಿಯೂ ಒಂದೇ. ಅದರಲ್ಲಿ ಅನ್ಯಾಯವೂ ಕಾಣುವುದಿಲ್ಲ. ಕಡಲು ದಾಟುವ ವರ್ತಕನು ಅಪಾಯವನ್ನು ತಾನಾಗಿ ಆರಿಸಿಕೊಂಡವನು. ಹಡಗು ದಡ ಮುಟ್ಟಿದರೆ ಲಾಭ ಅವನದೇ. ‘ಅಧಿಕ ಲಾಭದ ಆಸೆಯಿಂದ’ ಎಂಬ ಅರ್ಥದ ಆ ಮಾತು ಬಹಳ ಮುಖ್ಯ. ಹೆಚ್ಚಿನ ಲಾಭ ಪಡೆಯುವವನೇ ಹೆಚ್ಚಿನ ಅಪಾಯದ ಬೆಲೆಯನ್ನೂ ತೆರಲಿ ಎಂಬುದು ಅದರ ಸಾರ.

ಹಾಗಾದರೆ ಲಾಭ ಒಬ್ಬನದು, ಅಪಾಯ ಇನ್ನೊಬ್ಬನದು ಆದಾಗ? ಅದಕ್ಕೂ ಕನ್ನಡನಾಡಿನಲ್ಲಿ ಹಳೆಯ ಉತ್ತರವಿದೆ. ನಮ್ಮ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಕೇಳುಗರು ನೋಡಿರುತ್ತಾರೆ. ಒಡೆಯನಿಗಾಗಿ ಕಾದಿ ಮಡಿದವನ, ಊರ ದನಗಳನ್ನು ಕಳ್ಳರಿಂದ ಬಿಡಿಸುವಾಗ ಸತ್ತವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಇತ್ತು. ಶಾಸನಗಳು ಅದನ್ನು ‘ನೆತ್ತರುಗೊಡಗೆ’ ಎನ್ನುತ್ತವೆ. ಬಂಟನ ಕಸುಬು ಅಪಾಯದ್ದೆಂದು ಅವನಿಂದ ಮುಂಗಡವಾಗಿ ಯಾರೂ ಏನನ್ನೂ ವಸೂಲು ಮಾಡಲಿಲ್ಲ. ಅವನು ಯಾರಿಗಾಗಿ ಸತ್ತನೋ ಅವರು ಕೊಟ್ಟರು. ಮರತೂರಿನ ಶಾಸ್ತ್ರಕಾರನ ಬಡ್ಡಿ ಒಂದು ತತ್ತ್ವ, ವೀರಗಲ್ಲಿನ ನೆತ್ತರುಗೊಡಗೆ ಇನ್ನೊಂದು ತತ್ತ್ವ. ಕಳೆದ ಎರಡು ಶತಮಾನಗಳ ಅಪಘಾತ ವಿಮೆಯ ಚರಿತ್ರೆಯಲ್ಲಿ ಈ ಎರಡು ತತ್ತ್ವಗಳೂ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ.

ಆಧುನಿಕ ಅಪಘಾತ ವಿಮೆ ಹುಟ್ಟಿದ್ದು ರೈಲಿನೊಡನೆ. ಮುಂಬಯಿ ಕಡೆಯ ರೈಲು ಹಳಿ ಕಲಬುರ್ಗಿ, ಶಹಾಬಾದ್, ವಾಡಿಗಳನ್ನು ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಅದಕ್ಕೂ ಕಾಲು ಶತಮಾನದ ಹಿಂದೆ, 1848ರಲ್ಲಿ, ಲಂಡನ್ನಿನಲ್ಲಿ ರೈಲ್ವೇ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಕಂಪನಿ ಸ್ಥಾಪನೆಯಾಗಿ, ರೈಲು ಟಿಕೆಟ್ಟಿನ ಜೊತೆಯಲ್ಲಿಯೇ ವಿಮೆಯ ಚೀಟಿಯನ್ನೂ ಮಾರತೊಡಗಿತ್ತು. ಒಂದನೆಯ ದರ್ಜೆಯ ಪ್ರಯಾಣಿಕನು ಮೂರು ಪೆನ್ನಿ ಕೊಟ್ಟರೆ, ಅವನು ಸತ್ತ ಪಕ್ಷದಲ್ಲಿ ಮನೆಯವರಿಗೆ 1000 ಪೌಂಡು. ಎರಡನೆಯ ದರ್ಜೆಗೆ ಎರಡು ಪೆನ್ನಿಗೆ 500. ಮೂರನೆಯ ದರ್ಜೆಗೆ ಒಂದು ಪೆನ್ನಿಗೆ 200. ಕೇಳುಗರು ಭಾಗಿಸಿ ನೋಡಬೇಕು. ಶ್ರೀಮಂತನ ಒಂದು ಪೆನ್ನಿ 333 ಪೌಂಡಿನ ಅಭಯವನ್ನು ಕೊಂಡಿತು. ಬಡವನ ಪೆನ್ನಿ 200 ಪೌಂಡಿನದನ್ನು ಮಾತ್ರ.

ಅಮೆರಿಕದಲ್ಲಿ 1864ರಲ್ಲಿ ಹಾರ್ಟ್‌ಫರ್ಡ್ ನಗರದ ಟ್ರಾವೆಲರ್ಸ್ ಕಂಪನಿ ಈ ವ್ಯವಹಾರವನ್ನು ಆರಂಭಿಸಿತು. ಅಂಚೆ ಕಚೇರಿಯಿಂದ ಮನೆಗೆ ನಡೆದು ಹೋಗುವಷ್ಟು ದಾರಿಗೆ ಎರಡು ಸೆಂಟು ಪಡೆದು ಒಬ್ಬ ಬ್ಯಾಂಕರನಿಗೆ ವಿಮೆ ಕೊಟ್ಟದ್ದೇ ಅದರ ಮೊದಲ ವ್ಯಾಪಾರವೆಂದು ಹೇಳುತ್ತಾರೆ. ಬ್ಯಾಂಕರನ ನಡಿಗೆಗೆ ಎರಡು ಸೆಂಟು ಸಾಕಾಯಿತು. ಆದರೆ ಓಡುವ ರೈಲಿನ ಡಬ್ಬಿಗಳ ನಡುವೆ ನಿಂತು ಕೈಯಿಂದ ಬ್ರೇಕು ತಿರುಗಿಸುತ್ತಿದ್ದ ಕೆಲಸಗಾರರಿಗೆ ಕಂಪನಿಗಳ ದರ ಎಟುಕುವಂತಿರಲಿಲ್ಲ. ಎಷ್ಟೋ ಕಡೆ ವಿಮೆಯೇ ದೊರೆಯಲಿಲ್ಲ. ಅವರು ತಮ್ಮತಮ್ಮಲ್ಲಿಯೇ ಸಹೋದರ ಸಂಘಗಳನ್ನು ಕಟ್ಟಿಕೊಂಡು, ತಿಂಗಳ ವಂತಿಗೆ ಹಾಕಿ, ಸತ್ತವನ ಸಂಸಾರವನ್ನೂ ಕೈಕಾಲು ಕಳೆದುಕೊಂಡವನನ್ನೂ ಸಲಹಿದರು. ನಮ್ಮ ಕಡೆ ಆಪತ್ತಿಗೆ ಸಿಕ್ಕವನಿಗಾಗಿ ಮನೆಮನೆಗೆ ತಿರುಗಿ ‘ಪಟ್ಟಿ’ ಎತ್ತುವುದುಂಟಷ್ಟೆ, ಅದೇ ಬಗೆ. ದರದ ಲೆಕ್ಕ ಸರಿಯಾಗಿದ್ದರೂ, ಯಾರಿಗೆ ವಿಮೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಅದನ್ನು ಕೊಳ್ಳಲಾಗದೆ ಹೊರಗುಳಿಯುತ್ತಾರೆ ಎಂಬುದು ಅಂದೇ ಕಂಡುಬಂತು.

ಎರಡನೆಯ ತತ್ತ್ವಕ್ಕೆ ಕಾನೂನಿನ ರೂಪ ಬಂದದ್ದು ಜರ್ಮನಿಯಲ್ಲಿ, 1884ರಲ್ಲಿ. ಅಲ್ಲಿ ಒಂದೊಂದು ಉದ್ಯಮದ ಮಾಲೀಕರನ್ನೂ ಒಂದೊಂದು ಸಂಘವಾಗಿ ಸೇರಿಸಿ, ಅಪಘಾತ ವಿಮೆಯ ಪೂರ್ತಿ ಖರ್ಚನ್ನು ಅವರ ಮೇಲೆ ಹೊರಿಸಿದರು. ಅಲ್ಲಿಯೂ ಕಸುಬಿನ ಅಪಾಯಕ್ಕೆ ತಕ್ಕಂತೆ ದರ್ಜೆಗಳಿದ್ದವು. ಅಪಾಯ ಹೆಚ್ಚಾದರೆ ಕಂತೂ ಹೆಚ್ಚು. ಆದರೆ ಹೆಚ್ಚು ಕಟ್ಟುವವನು ಕೂಲಿಯವನಲ್ಲ, ಧಣಿ. ಅಳತೆಗೋಲು ಅದೇ, ಹಣದ ಚೀಲ ಮಾತ್ರ ಬೇರೆ. ಯಂತ್ರಕ್ಕೊಂದು ಬೇಲಿ, ಏಣಿಗೊಂದು ಹಿಡಿಕೆ ಹಾಕಿಸಿದರೆ ತನ್ನ ಖರ್ಚು ಇಳಿಯುವುದೆಂದು ಮಾಲೀಕನಿಗೆ ತಿಳಿಯುತ್ತದೆ; ಬೇಲಿ ಹಾಕಿಸುವ ಅಧಿಕಾರವೂ ಅವನದೇ. ಕೂಲಿಯವನ ಮೇಲೆಯೇ ಆ ದರವನ್ನು ಹೊರಿಸಿದರೆ ಅವನು ಬೇಲಿಯನ್ನಂತೂ ಹಾಕಿಸಲಾರ. ವಿಮೆಯನ್ನು ಬಿಟ್ಟುಬಿಡುತ್ತಾನೆ, ಅಷ್ಟೆ.

ಇಂಗ್ಲೆಂಡಿನಲ್ಲಿ 1897ರ ಕಾಯ್ದೆ ರೈಲು, ಕಾರ್ಖಾನೆ, ಗಣಿ, ಕಲ್ಲಿನ ಖಣಿ ಮೊದಲಾದ ಅಪಾಯದ ಕಸುಬುಗಳನ್ನು ಹೆಸರಿಸಿ, ತಪ್ಪು ಯಾರದೆಂದು ವಿಚಾರಿಸದೆ ಪರಿಹಾರದ ಹೊಣೆಯನ್ನು ಮಾಲೀಕನ ಮೇಲಿರಿಸಿತು. ಬ್ರಿಟಿಷ್ ಭಾರತದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ 1924ರ ಜುಲೈ 1ರಿಂದ ಜಾರಿಗೆ ಬಂತು. ನಮ್ಮ ಸೀಮೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಭಾರತದ ಶಾಸನ ತಾನಾಗಿ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಆಗಲೇ ತಲೆಯೆತ್ತಿತ್ತು. 1936ರಲ್ಲಿ ಅನೇಕ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಂಪನಿಯೂ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ಕಾರ್ಖಾನೆಯ ಗೇಟಿನೊಳಗೆ ಹೆಸರು ದಾಖಲಾದವನಿಗೆ ಹಾಜರಿ ಪುಸ್ತಕವಿತ್ತು, ಸಂಘವಿತ್ತು, ಕಾನೂನಿನ ನೆರಳಿತ್ತು. ಗೇಟಿನ ಹೊರಗಣ ಪರಸಿ ಖಣಿಯಲ್ಲಿ ದಿನಗೂಲಿಗೆ ಹಾರೆ ಹಿಡಿದವನಿಗೆ ಆ ನೆರಳು ಬಹುಮಟ್ಟಿಗೆ ತಲುಪಲಿಲ್ಲ.

ಮತ್ತೆ ಕಾಕಾನ ಸಂಗತಿಗೆ ಬರುತ್ತೇನೆ. ವಿಮೆ ಮಾಡಿಸಿದ ಎರಡನೆಯ ವರ್ಷದ ಬೇಸಿಗೆಯಲ್ಲಿ ಹಾಸುಗಲ್ಲೊಂದು ಹಾರೆಯಿಂದ ಜಾರಿ ಅವರ ಬಲಗೈಯ ಮೇಲೆ ಬಿತ್ತು. ಹೆಬ್ಬೆರಳು ಉಳಿಯಿತು, ನಾಲ್ಕು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು. ವಿಮೆಯ ಹಣಕ್ಕೆ ಅರ್ಜಿ ಬರೆದವನೂ ನಾನೇ. ಕೆಲವು ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಕಾಗದ ಬಂತು. ವೈದ್ಯರ ವರದಿಯಂತೆ ಗಾಯವಾದದ್ದು ಕಲ್ಲಿನ ಖಣಿಯಲ್ಲಿ; ಅರ್ಜಿಯಲ್ಲಿ ಹೇಳಿದ ಉದ್ಯೋಗ ಅದಲ್ಲ; ಉದ್ಯೋಗ ಬದಲಾದರೆ ಕಂಪನಿಗೆ ತಿಳಿಸಬೇಕೆಂಬ ಷರತ್ತು ಪಾಲಿಸಿಯಲ್ಲಿದೆ; ಆದ್ದರಿಂದ ಹಣ ಕೊಡಲಾಗುವುದಿಲ್ಲ. ನಾನು ಆ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ನನ್ನ ಅಕ್ಷರದಲ್ಲಿ. ಅದನ್ನು ಕನ್ನಡದಲ್ಲಿ ಕಾಕಾನಿಗೆ ಹೇಳಬೇಕಾಗಿ ಬಂದ ಸಂಜೆಯನ್ನು ನಾನು ಮರೆತಿಲ್ಲ. “ಹೋಗಲಿ ಬಿಡು ತಮ್ಮಾ, ಹೊಲ ಇದ್ದದ್ದು ಖರೇನೇ ಇತ್ತಲ್ಲ” ಎಂದರು. ಅವರು ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗುತ್ತಿಗೆದಾರನಿಂದ ಪರಿಹಾರ ಕೇಳಬಹುದಿತ್ತು. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲೇ 1923ರ ಕಾಯ್ದೆ ನಮ್ಮ ಸೀಮೆಗೂ ವಿಸ್ತರಿಸಿತ್ತು. ಕೇಳಲು ಹೋದರೆ ಕಾಕಾನ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಜೊತೆಯ ಕೂಲಿಕಾರರು ಪಟ್ಟಿ ಎತ್ತಿ ಆಸ್ಪತ್ರೆಯ ಸಾಲ ತೀರಿಸಿದರು.

ಆ ದಿನಗಳಲ್ಲಿ ನಾನು ಎರಡು ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ವಿಮಾ ಪಾಲಿಸಿಯ ಕೋಷ್ಟಕದಲ್ಲಿ ಒಂದು ಕೈಯ ನಾಲ್ಕು ಬೆರಳು ಹೋದರೆ ವಿಮಾ ಮೊತ್ತದ ನೂರಕ್ಕೆ 35. ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಕಿರುಬೆರಳಿಗೆ 4. ಕಾಯ್ದೆಯ ಅನುಸೂಚಿಯಲ್ಲಿ ಅದೇ ನಾಲ್ಕು ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 50 ನಷ್ಟ. ನನ್ನನ್ನು ಕಾಡಿದ್ದು ಅಂಕಿಗಳ ಅಂತರವಲ್ಲ. ಕಂತು ತೆಗೆದುಕೊಳ್ಳುವಾಗ ‘ನಿನ್ನ ಕಸುಬೇನು?’ ಎಂದು ಕೇಳುವ ಪಾಲಿಸಿಯು, ಬೆರಳಿಗೆ ಬೆಲೆ ಕಟ್ಟುವಾಗ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಾಲ್ಕು ಬೆರಳು ಕಳೆದುಕೊಂಡ ಶಿಕ್ಷಕನಾದ ನಾನು ಎಡಗೈಯಲ್ಲಿ ಬಳಪ ಹಿಡಿದು ಪಾಠ ಹೇಳಬಲ್ಲೆ. ಹಾರೆ ಹಿಡಿಯುವವನಿಗೆ ಅದು ನೂರಕ್ಕೆ ಮೂವತ್ತೈದರ ನಷ್ಟವಲ್ಲ, ನೂರಕ್ಕೆ ನೂರರದು.

ಕಾನೂನಿನಲ್ಲಾದರೆ ಈ ಮಾತಿಗೆ ಮನ್ನಣೆ ದೊರೆತಿದೆ. ಕೆಲಸದಲ್ಲಿದ್ದಾಗ ಬಿದ್ದು ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಗಿ ಬಂದ ಒಬ್ಬ ಬಡಗಿಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ಅವನ ನಷ್ಟ ಸಂಪೂರ್ಣ ನಷ್ಟವೇ ಎಂಬ ತೀರ್ಮಾನವನ್ನು 1975ರ ಡಿಸೆಂಬರಿನಲ್ಲಿ ಆ ನ್ಯಾಯಾಲಯ ಎತ್ತಿಹಿಡಿಯಿತು. ಮಾಲೀಕನ ಹೊಣೆ ಎಂಬ ಆ ತತ್ತ್ವ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಕ್ಕೂ ಬಂದಿದೆ.

ಇನ್ನೊಂದು ಮಿತಿಯನ್ನೂ ಇಲ್ಲಿ ಹೇಳಬೇಕು. ಅಪಘಾತವೆಂದರೆ ಥಟ್ಟನೆ, ಹೊರಗಿನಿಂದ, ಕಣ್ಣಿಗೆ ಕಾಣುವಂತೆ ಬಂದೆರಗಿದ್ದು ಎಂಬುದು ಪಾಲಿಸಿಯ ವ್ಯಾಖ್ಯೆ. ತೊಗರಿ ಹೊಲದಲ್ಲಿ ಹಾವು ಕಚ್ಚಿದರೆ ಅದು ಅಪಘಾತ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದು ಎದೆ ಕೆಟ್ಟವನಿಗಾದದ್ದು ಅಪಘಾತವಲ್ಲ, ರೋಗ. ಕಸುಬು ಅಪಾಯದ್ದೆಂದು ಹೆಚ್ಚು ಕಂತು ಕಟ್ಟಿದವನಿಗೂ, ಆ ಕಸುಬು ನಿಧಾನವಾಗಿ ಮಾಡಿದ ಕೇಡಿಗೆ ಅಪಘಾತ ವಿಮೆಯಲ್ಲಿ ಉತ್ತರವಿಲ್ಲ.

ಈಗ ಕಾಲ ಬದಲಾಗಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ ವರ್ಷಕ್ಕೆ 12 ರೂಪಾಯಿ ಕಂತಿತ್ತು. 2022ರ ಜೂನ್ 1ರಿಂದ ಅದು 20 ರೂಪಾಯಿ ಆಯಿತು. ಹದಿನೆಂಟರಿಂದ ಎಪ್ಪತ್ತು ವರ್ಷದವರೆಗೆ ಬ್ಯಾಂಕ್ ಅಥವಾ ಅಂಚೆ ಖಾತೆಯುಳ್ಳ ಯಾರಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ, ಕಾಲು ಅಥವಾ ಒಂದು ಕಣ್ಣಿನ ಶಕ್ತಿ ಹೋದರೆ 1 ಲಕ್ಷ. ಅಲ್ಲಿ ಕಸುಬಿನ ಗುಂಪುಗಳಿಲ್ಲ. ಬ್ಯಾಂಕಿನ ಅಧಿಕಾರಿಗೂ ಖಣಿಯ ಕೂಲಿಗೂ ಅದೇ 20 ರೂಪಾಯಿ. ಗುಮಾಸ್ತನ ಸುರಕ್ಷಿತ ಜೀವನದ ಒಂದಿಷ್ಟು ಪಾಲು ಸದ್ದಿಲ್ಲದೆ ಕಲ್ಲೊಡೆಯುವವನ ಮನೆಗೆ ಸಲ್ಲುತ್ತದೆ. ಅಮೆರಿಕದ ಆ ರೈಲು ಕೆಲಸಗಾರರು ತಮ್ಮೊಳಗೇ ಎತ್ತಿಕೊಂಡ ಪಟ್ಟಿಯನ್ನು ಇಲ್ಲಿ ಇಡೀ ದೇಶವೇ ಎತ್ತುತ್ತಿದೆ ಎನ್ನಬಹುದು. ಇದು ಸಣ್ಣ ಸಂಗತಿಯಲ್ಲ.

ಆದರೂ ಆ ಯೋಜನೆಯಲ್ಲಿ ಬೆರಳುಗಳಿಗೆಂದು ಬೇರೆ ಸಾಲಿಲ್ಲ. ಎರಡು ಲಕ್ಷ ದುಡಿಯುವ ಜೀವದ ಬದಲಿಗೆ ಎಷ್ಟು ದಿನ ಬಂದೀತು ಎಂಬುದನ್ನು ಕೇಳುಗರೇ ಊಹಿಸಬಹುದು. ಇನ್ನೂ ಒಂದು ಮಾತುಂಟು. ಎಲ್ಲರಿಗೂ ಒಂದೇ ದರವೆಂದಾಗ ಕಸುಬಿನ ಅಪಾಯ ಲೆಕ್ಕದಿಂದ ಮರೆಯಾಗುತ್ತದೆಯೇ ಹೊರತು ಖಣಿಯಿಂದ ಮರೆಯಾಗುವುದಿಲ್ಲ. ಜಾರುವ ಕಲ್ಲು ಜಾರುತ್ತಲೇ ಇರುತ್ತದೆ. ಅದನ್ನು ತಡೆಯಬಲ್ಲವನಿಗೆ ಯಾವ ಖರ್ಚೂ ತಗಲುವುದಿಲ್ಲ. ಅದಕ್ಕಾಗಿಯೇ ಕಸುಬಿಗೆ ತಕ್ಕ ದರವೆಂಬ ಹಳೆಯ ಅಳತೆಯನ್ನು ನಾನು ದೂರುವವನಲ್ಲ. ಅಳತೆ ಇರಲಿ, ಅದರ ಬಿಲ್ಲು ಲಾಭ ಪಡೆಯುವವನ ಮನೆಗೆ ಹೋಗಲಿ ಎಂಬುದಷ್ಟೇ ನನ್ನ ವಾದ.

ದೊಡ್ಡ ಮೊತ್ತದ ವಿಮೆ ಬೇಕಾದವನನ್ನು ಕಂಪನಿಗಳು ಇಂದಿಗೂ ಕಸುಬು ಕೇಳುತ್ತವೆ. ಕಳೆದ ವರ್ಷ ಕಾಕಾನ ಮೊಮ್ಮಗ ಅಂಥ ಒಂದು ಅರ್ಜಿ ಹಿಡಿದುಕೊಂಡು ನನ್ನ ಬಳಿಗೆ ಬಂದ. ವಾಡಿಯ ಕಡೆ ಬೇರೊಬ್ಬರ ಟಿಪ್ಪರ್ ಓಡಿಸುವ ಹುಡುಗ. “ಮುತ್ಯಾ, ಖರೇ ಬರದರ ರೊಕ್ಕ ಜಾಸ್ತಿ ಹತ್ತತಾವಂತ” ಎಂದ. “ಹತ್ತಲಿ, ಖರೇನೇ ಬರಿ. ಜಾಸ್ತಿ ಆದದ್ದು ಗಾಡಿ ಮಾಲಕರಿಗೆ ಕೇಳು” ಎಂದೆ. ಅವನು ತನ್ನ ಅಜ್ಜನ ಹಾಗೆಯೇ ನಕ್ಕ. “ಕೇಳಿದರ ಕೆಲಸಾನೇ ಹೋಗತದ, ಮುತ್ಯಾ.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉದ್ಯೋಗದ ಕಾಲಮಿನಲ್ಲಿ ‘ಟಿಪ್ಪರ್ ಚಾಲಕ, ಕಲ್ಲು ಸಾಗಣೆ’ ಎಂದು ನಾನೇ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಹೆಚ್ಚಿನ ಕಂತನ್ನು ಅವನು ತನ್ನ ಜೇಬಿನಿಂದಲೇ ಕಟ್ಟಿದ.